ಗೇಟ್ ಎದುರಿನ ಬಾಣಲೆ

ಮ್ಯಾಗಜೀನ್ ಕಮಿಟಿಯ ಹುಡುಗಿ ಫೋನ್ ಮಾಡಿ "ಸರ್, ನೀವು ನಮ್ಮ ಕಾಲೇಜಿನ ಹಳೆ ಸ್ಟೂಡೆಂಟು, ಹೊಸ ತಿಂಡಿ ಕಂಡುಹಿಡಿದವ್ರು, ಕಂಪನಿ ಬೇರೆ ನಡೆಸ್ತಿದೀರ, ಒಂದು ಮೂರ್ನಾಲ್ಕು ಪುಟ ನೆನಪು ಬರ್ಕೊಡಿ" ಅಂದ್ಲು. ಕಂಪನಿ ಅಂದಿದ್ದಕ್ಕೆ ನಗು ಬಂತು. ತೀರ್ಥಹಳ್ಳಿ ರಸ್ತೇಲಿ ಒಂದು ಶೀಟಿನ ಶೆಡ್ಡು, ಹದಿನಾಲ್ಕು ಜನ, ಎರಡು ದೊಡ್ಡ ಬಾಣಲೆ, ಒಂದು ಪ್ಯಾಕಿಂಗ್ ಮೆಷಿನ್ನು, ಅಷ್ಟೇ ನಮ್ಮ ಕಂಪನಿ. ಆದ್ರೆ "ಕಂಡುಹಿಡಿದವ್ರು" ಅಂದಿದ್ದು ಮಾತ್ರ ಗಂಟಲಲ್ಲಿ ಹಲಸಿನ ಮೇಣ ಹಿಡ್ಕೊಂಡಂಗೆ ಹಿಡ್ಕೊಳ್ತು. ಯಾಕೆ ಅಂತ ಹೇಳಕ್ಕೇ ಇದನ್ನ ಬರೀತಿದೀನಿ.

ನಾನು 1993ರಲ್ಲಿ ಬಿಕಾಂಗೆ ಸೇರಿದ್ದು. ಆಗ ಕಾಲೇಜಿನ ಗೇಟ್ ಎದುರು ಮರದ ಕೆಳಗೆ ಒಬ್ಬರು ಹೆಂಗಸು ಸೀಮೆಎಣ್ಣೆ ಸ್ಟವ್ ಇಟ್ಕೊಂಡು ಚಿಪ್ಸ್ ಕರೀತಿದ್ರು. ನಾವೆಲ್ಲ ಚಿಪ್ಸಕ್ಕ ಅಂತಿದ್ವಿ. ಗಾಜನೂರು ಕಡೆಯಿಂದ ಬೆಳಿಗ್ಗೆ ಬಸ್ಸಿಗೆ ಎರಡು ಚೀಲ ಹೇರ್ಕೊಂಡು ಬರೋರು, ಸಂಜೆ ಬಸ್ಸಿಗೆ ಖಾಲಿ ಚೀಲ ಮಡಚ್ಕೊಂಡು ಹೋಗೋರು. ಮಾರ್ಚಿಂದ ಮಳೆ ಹಿಡಿಯೋವರೆಗೆ ಹಲಸಿನಕಾಯಿ, ಉಳಿದ ಟೈಮಲ್ಲಿ ಬಾಳೆಕಾಯಿ, ಆಷಾಢದಲ್ಲಿ ಟಾರ್ಪಾಲ್ ಕೆಳಗೆ ಕೂತು ಹಪ್ಪಳ ಕರೆಯೋದು. ಕ್ಯಾಂಟೀನಲ್ಲೂ ತಿಂಡಿ ಸಿಗ್ತಿತ್ತು, ಅದರ ಬಗ್ಗೆ ಬರೆಯೋ ಅಂಥದ್ದೇನಿಲ್ಲ.

ಅಕ್ಕನ ಹಲಸಿನ ಚಿಪ್ಸ್ ಯಾಕೆ ಬೇರೆ ಅಂದ್ರೆ ಅದರ ಮೇಲೆ ಉದುರಿಸ್ತಿದ್ದ ಪುಡಿ. ಅಪ್ಪೆಮಿಡಿಯನ್ನ ಉಪ್ಪಲ್ಲಿ ಹಾಕಿ, ಅದು ಸುಕ್ಕಾದ್ಮೇಲೆ ತೆಗ್ದು ಬಿಸಿಲಿಗೆ ಹಾಕಿ, ಬಿಸಿಲಿಲ್ದಿದ್ರೆ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ, ಜೀರಿಗೆ ಮೆಣಸಿನ ಜೊತೆ ಕುಟ್ಟಿ ಪುಡಿ ಮಾಡಿ ಒಂದು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಇಟ್ಕೊಂಡಿರ್ತಿದ್ರು. ಚಿಪ್ಸ್ ಎಣ್ಣೆಯಿಂದ ಎತ್ತಿದ ತಕ್ಷಣ, ಇನ್ನೂ ಚುರುಗುಟ್ತಾ ಇರೋವಾಗ್ಲೇ ಒಂದು ಚಿಟಿಕೆ ಉದುರಿಸಿ ಬುಟ್ಟಿ ಕುಲುಕಿಬಿಡೋರು. ತಣ್ಣಗಾದ್ಮೇಲೆ ಹಾಕಿದ್ರೆ ಪುಡಿ ಹಿಡಿಯಲ್ಲ, ಕೆಳಗೆ ಉದುರುತ್ತೆ. ಮೊದ್ಲು ಮಿಡಿಯ ಘಮ, ಆಮೇಲೆ ಹುಳಿ, ನಾವು ಆಹಾ ಅನ್ನೋಷ್ಟರಲ್ಲಿ ಹಿಂದಿನಿಂದ ಖಾರ. ಸಣ್ಣ ಪೊಟ್ಟಣ ಒಂದು ರೂಪಾಯಿ, ದೊಡ್ಡದು ಎರಡು.

ಸಾಲನೂ ಕೊಡೋರು. ಅಕ್ಕನಿಗೆ ಓದು ಬರಹ ಬರ್ತಿರ್ಲಿಲ್ಲ, ನಮ್ಮ ಹೆಸರುಗಳೂ ಗೊತ್ತಿರ್ಲಿಲ್ಲ. ಹಳೆ ನೋಟ್‌ಬುಕ್ಕಿನ ರಟ್ಟಿನ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚಿತ್ರ. ನಂಗೆ ಕನ್ನಡಕ, ನನ್ನ ರೂಮ್‌ಮೇಟಿಗೆ ಸೈಕಲ್ಲು, ಲೇಡೀಸ್ ಹಾಸ್ಟೆಲಿನ ಒಬ್ಬಳಿಗೆ ಛತ್ರಿ. ಚಿತ್ರದ ಮುಂದೆ ಗೀಟು ಎಳೀತಾ ಹೋಗೋದು. ಒಂದು ಗೀಟು ಒಂದು ರೂಪಾಯಿ.

ಎರಡನೇ ವರ್ಷದಲ್ಲಿ ಮಾರ್ಕೆಟಿಂಗ್ ಹೇಳ್ಕೊಡ್ತಿದ್ದ ಸರ್ ಒಂದಿನ ಕ್ಲಾಸಿಗೆ ಆಲೂ ಚಿಪ್ಸ್ ಪ್ಯಾಕೆಟ್ಟೊಂದು ತಂದ್ರು. ಎರಡೂ ಕೈಯಲ್ಲಿ ಹಿಡಿದು ಡಬ್ ಅಂತ ಒಡೆದ್ರು, ಹಿಂದಿನ ಬೆಂಚಿನಲ್ಲಿ ಮಲಗಿದ್ದೋರೆಲ್ಲ ಎದ್ರು. ಒಳಗಿದ್ದಿದ್ದನ್ನ ಟೇಬಲ್ ಮೇಲೆ ಸುರಿದು "ಎಣಿಸ್ರೋ, ಎಷ್ಟಿದೆ? ಉಳಿದ ಜಾಗದಲ್ಲಿ ಏನಿತ್ತು? ನೀವು ದುಡ್ಡು ಕೊಟ್ಟಿದ್ದು ಯಾವುದಕ್ಕೆ?" ಅಂದ್ರು. ಗಾಳಿಗೆ ಸರ್, ಅಂತ ಕೂಗಿದ್ವಿ. ಆ ಗಾಳಿ ನಮ್ಮ ಗಾಳಿ ಅಲ್ಲ ನೈಟ್ರೋಜನ್ನು, ಆಕ್ಸಿಜನ್ ಒಳಗಿದ್ರೆ ಎಣ್ಣೆ ಕಮಟು ಬರುತ್ತೆ, ಲಾರೀಲಿ ಬರೋವಾಗ ಚಿಪ್ಸ್ ಪುಡಿ ಆಗ್ದೇ ಇರ್ಲಿ ಅಂತ್ಲೂ ಅದೇ ತಲೆದಿಂಬು ಅನ್ನೋದೆಲ್ಲ ನಂಗೆ ಗೊತ್ತಾಗಿದ್ದು ಹತ್ತು ವರ್ಷ ಆದ್ಮೇಲೆ, ಅದೂ ಕೈ ಸುಟ್ಕೊಂಡು.

ಕೈ ಸುಟ್ಕೊಂಡ ಕತೆ ಬೇಗ ಹೇಳಿ ಮುಗಿಸ್ತೀನಿ. 2004ರಲ್ಲಿ ಅಪ್ಪನ ಹತ್ರ ಬೈಸ್ಕೊಂಡು, ಸಾಲ ತಗೊಂಡು ಹಲಸಿನ ಚಿಪ್ಸ್ ಶುರು ಮಾಡ್ದೆ. ಹತ್ತು ಕೆಜಿ ಕಾಯಿ ಕೊಯ್ದು, ಮೇಣ ಒರೆಸಿ, ಬೀಜ ತೆಗ್ದು, ತೊಳೆ ಹೆಚ್ಚಿ ಕರಿದ್ರೆ ಒಂದು ಕೆಜಿ ಚಿಪ್ಸ್ ಸಿಕ್ರೆ ಪುಣ್ಯ. ಬಕ್ಕೆ ಕಾಯಿನೇ ಆಗ್ಬೇಕು, ಅಂಬಲಿ ಕಾಯಿ ಎಣ್ಣೆ ಕುಡಿದು ಮೆತ್ತಗೆ ಕೂರುತ್ತೆ. ಮೊದಲನೇ ಲೋಡು ಬೆಂಗಳೂರಿಗೆ ಹೋಗಿದ್ದು ಸಾದಾ ಕವರಲ್ಲಿ, ಮೂರು ವಾರಕ್ಕೆ ಎಲ್ಲ ವಾಪಸ್ ಬಂತು, ಕಮಟು ವಾಸನೆ. ಅಂಗಡಿಯವ್ರು ಬೈದಿದ್ದನ್ನ ಮ್ಯಾಗಜೀನಲ್ಲಿ ಹಾಕಂಗಿಲ್ಲ. ಆಮೇಲೆ ನೈಟ್ರೋಜನ್ ಮೆಷಿನ್ನು, ದಪ್ಪ ಕವರು, ಮತ್ತೆ ಸಾಲ. ಐದು ವರ್ಷ ಹಂಗೇ ತೆವಳಿದ್ವಿ. 2009ರಲ್ಲಿ ಒಂದಿನ ರಾತ್ರಿ ಬರೀ ಉಪ್ಪಿನ ಚಿಪ್ಸ್ ತಿಂತಾ ಕೂತಿದ್ದಾಗ ಹಾರ್ಲಿಕ್ಸ್ ಬಾಟ್ಲಿ ನೆನಪಾಯ್ತು. ಅಪ್ಪೆಮಿಡಿ ಫ್ಲೇವರ್ ಅಂತ ತಂದ್ವಿ. ಇವತ್ತು ನಮ್ಮಲ್ಲಿ ಮಾರಾಟ ಆಗೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ಯಾರಾದ್ರೂ ಐಡಿಯಾ ಹೆಂಗೆ ಬಂತು ಅಂತ ಕೇಳಿದ್ರೆ "ನಮ್ಮ ಮಲೆನಾಡಿನ ರುಚಿ" ಅಂತ ನಕ್ಕು ಬಿಡ್ತಿದ್ದೆ. ಮಲೆನಾಡು ಬಂದು ಕೇಸು ಹಾಕಲ್ಲ ನೋಡಿ.

2011ರಲ್ಲಿ ನಮ್ಮ ಬ್ಯಾಚಿನ ಸೈಕಲ್ಲು, ಅಂದ್ರೆ ನನ್ನ ರೂಮ್‌ಮೇಟು, ಈಗ ಅಮೆರಿಕದ ಡಲ್ಲಾಸ್ ಹತ್ರ ಇದಾನೆ, ಒಂದು ಮೇಲ್ ಹಾಕಿದ್ದ. "ನಿನ್ನ ಲೈನಿನವ್ರು ಒಬ್ರು ಇಲ್ಲಿ ತೀರ್ಕೊಂಡ್ರು, ಸಮಾಧಿಗೆ ಚಿಪ್ಸ್ ಹಾಕ್ತಾರಂತೆ ಮಾರಾಯ" ಅಂತ. ತಮಾಷೆ ಅನ್ಕೊಂಡೆ, ಓದಿದ್ರೆ ನಿಜ. ಆರ್ಚ್ ವೆಸ್ಟ್ ಅಂತ ಹೆಸರು, ಡೊರಿಟೋಸ್ ಅನ್ನೋ ಜೋಳದ ಚಿಪ್ಸ್ ತಂದವ್ರು. 2011ರ ಸೆಪ್ಟೆಂಬರ್ 20ಕ್ಕೆ ಹೋದಾಗ 97 ವರ್ಷ. ಚಿತಾಭಸ್ಮದ ಕರಂಡದ ಮೇಲೆ ಮಣ್ಣು ಮುಚ್ಚೋ ಮೊದ್ಲು ಒಂದಿಷ್ಟು ಡೊರಿಟೋಸ್ ಹಾಕೋದು ಅಂತ ಮನೆಯವ್ರು ತೀರ್ಮಾನ ಮಾಡಿದ್ರಂತೆ. ನಮ್ಮಲ್ಲಿ ಹನ್ನೊಂದನೇ ದಿನಕ್ಕೆ ತೀರ್ಕೊಂಡೋರಿಗೆ ಇಷ್ಟ ಅಂತ ಕೋಡುಬಳೆ ಇಡಲ್ವಾ, ಹಂಗೆ ಅಂತ ನಮ್ಮಮ್ಮ ಅಂದ್ರು. ಅವ್ರಿಗೆ ಒಂಚೂರೂ ಆಶ್ಚರ್ಯ ಆಗ್ಲಿಲ್ಲ.

ಅವತ್ತಿಂದ ಆ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೀನಿ. 1914ರಲ್ಲಿ ಇಂಡಿಯಾನಾಪೊಲಿಸಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಸ್ಕಾಟ್ಲೆಂಡಿಂದ ಬಂದೋರು, ಬಡತನ, ಅಣ್ಣ ತಮ್ಮ ಇಬ್ರೂ ಬೆಳೆದಿದ್ದು ಮೇಸನ್ ಸಂಘದವ್ರು ನಡೆಸ್ತಿದ್ದ ಮಕ್ಕಳ ಆಶ್ರಮದಲ್ಲಿ. ಅಲ್ಲಿಂದ ಫ್ರಾಂಕ್ಲಿನ್ ಕಾಲೇಜಲ್ಲಿ ಓದಿ 1936ರಲ್ಲಿ ಡಿಗ್ರಿ ಮುಗಿಸಿ ಚೀಸ್ ಮಾರೋ ಸೇಲ್ಸ್‌ಮನ್ ಆದ್ರು, ಯುದ್ಧದ ಟೈಮಲ್ಲಿ ನೇವಿ, ಮುಂದೆ ನ್ಯೂಯಾರ್ಕಿನ ಜಾಹೀರಾತು ಕಂಪನೀಲಿ ಜೆಲ್-ಓ ಅನ್ನೋ ಜೆಲ್ಲಿ ಪುಡಿಯ ಜಾಹೀರಾತಿನ ಕೆಲ್ಸ. 1960ರಲ್ಲಿ ಡಲ್ಲಾಸಿನ ಫ್ರಿಟೊ ಕಂಪನಿಗೆ ಮಾರ್ಕೆಟಿಂಗಿಗೆ ಬಂದ್ರು, ಮಾರನೇ ವರ್ಷವೇ ಅದು ಲೇ ಕಂಪನಿ ಜೊತೆ ಸೇರಿ ಫ್ರಿಟೊ-ಲೇ ಆಯ್ತು. ಅದೇ 1961ರಲ್ಲಿ ಹೆಂಡ್ತಿ ಮಕ್ಕಳ ಜೊತೆ ರಜಕ್ಕೆ ಹೋಗಿದ್ದಾಗ ಸ್ಯಾನ್ ಡಿಯಾಗೊ ಹತ್ರ ಒಂದು ಸಣ್ಣ ತಿಂಡಿ ಗುಡಿಸಲಲ್ಲಿ ಕರಿದ ಜೋಳದ ಚಿಪ್ಸ್ ತಿಂದ್ರಂತೆ.

ಆ ಚಿಪ್ಸ್ ಅಂದ್ರೆ ಟೊರ್ಟಿಯಾ ತುಂಡು ಮಾಡಿ ಕರಿದಿದ್ದು. ಟೊರ್ಟಿಯಾ ಅಂದ್ರೆ ಮೆಕ್ಸಿಕೊದವ್ರ ಜೋಳದ ರೊಟ್ಟಿ, ನಮ್ಮ ರೊಟ್ಟಿಯ ದಾಯಾದಿನೇ. ಮೆಕ್ಕೆಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿ ಇಡ್ತಾರೆ, ಸಿಪ್ಪೆ ಬಿಡುತ್ತೆ, ಅರೆದ್ರೆ ಹಿಟ್ಟಿಗೆ ಅಂಟು ಬರುತ್ತೆ, ಇಲ್ದಿದ್ರೆ ಜೋಳದ ಹಿಟ್ಟು ಪುಡಿಪುಡಿ, ತಟ್ಟಿದ್ರೆ ಒಡೆಯುತ್ತೆ. ಶಿಕಾರಿಪುರದ ಕಡೆ ಎಕರೆಗಟ್ಲೆ ಮೆಕ್ಕೆಜೋಳ ಬೆಳೀತಾರೆ, ಸುಣ್ಣದ ಡಬ್ಬಿ ನಮ್ಮ ಎಲೆ ಅಡಿಕೆ ತಟ್ಟೆಯಲ್ಲೇ ಇದೆ, ಆದ್ರೂ ಎರಡನ್ನೂ ಸೇರಿಸೋದು ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ. ಮೆಕ್ಸಿಕೊ ಕಡೆಯ ಹೆಂಗಸ್ರಿಗೆ ಸಾವಿರಾರು ವರ್ಷದ ಹಿಂದೆನೇ ಹೊಳೆದಿತ್ತು.

ವೆಸ್ಟ್ ಡಲ್ಲಾಸಿಗೆ ವಾಪಸ್ ಬಂದು ಹೇಳಿದ್ರೆ ಆಫೀಸಿನ ದೊಡ್ಡೋರಿಗೆ ಅಷ್ಟೇನೂ ಹಿಡಿಸ್ಲಿಲ್ಲ. ಕಂಪನಿ ಆಗ್ಲೇ ಫ್ರಿಟೋಸ್ ಅಂತ ಜೋಳದ ತಿಂಡಿ ಮಾರ್ತಿತ್ತು, ಮತ್ತೊಂದು ಯಾಕೆ ಅಂತ ಅನ್ಸಿರ್ಬೇಕು. ಈ ಮನುಷ್ಯ ಬಿಡ್ಲಿಲ್ಲ, ಮಾರ್ಕೆಟ್ ಸರ್ವೆ, ಟೆಸ್ಟಿಂಗ್ ಎಲ್ಲ ಆಗಿ 1964ರಲ್ಲಿ ಕೆಲವು ಕಡೆ ಮಾತ್ರ ಬಿಟ್ಟು ನೋಡಿ, 1966ರಲ್ಲಿ ಇಡೀ ದೇಶಕ್ಕೆ ತಂದ್ರು. ಶುರುವಲ್ಲಿ ಬರೀ ಜೋಳದ ರುಚಿ. 1967ಕ್ಕೆ ಟ್ಯಾಕೊ ಫ್ಲೇವರ್ ಬಂತು, 1972ಕ್ಕೆ ನ್ಯಾಚೋ ಚೀಸ್, ಬೆರಳಿಗೆ ಕೇಸರಿ ಪುಡಿ ಹತ್ತೋದು ಅದೇ. ಓದ್ತಾ ಇಲ್ಲಿ ನಿಂತೆ. ಚಿಪ್ಸ್ ಕರೆಯೋದು ಒಂದಾದ್ರೆ ಮೇಲೆ ಉದುರೋ ಪುಡಿ ಇನ್ನೊಂದು, ಜನ ಮತ್ತೆ ಮತ್ತೆ ಕೈ ಹಾಕೋದು ಪುಡಿಗೇ.

ಡೊರಿಟೋಸ್ ಹುಟ್ಟಿಗೆ ಇನ್ನೊಂದು ಕತೆನೂ ಇದೆ. ಡಿಸ್ನಿಲ್ಯಾಂಡಲ್ಲಿ ಫ್ರಿಟೊ ಕಂಪನಿಯದೇ ಒಂದು ಮೆಕ್ಸಿಕನ್ ಹೋಟ್ಲು ಇತ್ತು, ಕಾಸಾ ಡಿ ಫ್ರಿಟೋಸ್ ಅಂತ. ಅಲ್ಲಿಗೆ ಟೊರ್ಟಿಯಾ ಸಪ್ಲೈ ಮಾಡ್ತಿದ್ದ ಕಂಪನಿಯ ಸೇಲ್ಸ್‌ಮನ್ ಒಬ್ಬ, ಉಳಿದ ಹಳಸಲು ಟೊರ್ಟಿಯಾ ಬಿಸಾಕ್ಬೇಡಿ, ತುಂಡು ಮಾಡಿ ಕರೀರಿ ಅಂದನಂತೆ, ಆ ಚಿಪ್ಸ್ ಗಿರಾಕಿಗಳಿಗೆ ಹಿಡಿಸಿದ್ದನ್ನ ವೆಸ್ಟ್ ನೋಡಿದ್ರಂತೆ. ಅದಕ್ಕೂ ಮೊದಲಿನ ಫ್ರಿಟೋಸ್ ಕತೆ ಕೇಳಿ, 1932ರಲ್ಲಿ ಫ್ರಿಟೊ ಕಂಪನಿ ಶುರು ಮಾಡಿದ ಡೂಲಿನ್ ಅನ್ನೋರು ಸ್ಯಾನ್ ಆಂಟೋನಿಯೊದಲ್ಲಿ ಗುಸ್ತಾವೊ ಓಲ್ಗಿನ್ ಅನ್ನೋ ಮೆಕ್ಸಿಕನ್ ಹತ್ರ ರೆಸಿಪಿ, ಸಲಕರಣೆ ಎಲ್ಲ ಸೇರಿಸಿ ನೂರು ಡಾಲರಿಗೆ ಕೊಂಡ್ಕೊಂಡ್ರು ಅಂತ. ಓಲ್ಗಿನ್ ಹೆಸರಾದ್ರೂ ಉಳೀತು, ನೂರು ಡಾಲರಾದ್ರೂ ಸಿಕ್ತು. ಸ್ಯಾನ್ ಡಿಯಾಗೊ ಗುಡಿಸಲಲ್ಲಿ ಕರೀತಿದ್ದೋರು ಯಾರು ಅಂತ ನಾನು ಓದಿದ್ದ ಒಂದು ಕಡೆನೂ ಇರ್ಲಿಲ್ಲ.

ವೆಸ್ಟ್ ಕದ್ರು ಅಂತ ನಾನೇನೂ ಹೇಳ್ತಿಲ್ಲ. ಬಾಣಲೆಯಿಂದ ಪ್ಯಾಕೆಟ್ಟಿಗೆ ಬರೋ ದಾರಿ ಎಂಥದ್ದು ಅಂತ ಮೂರು ವಾರದ ಕಮಟು ಚಿಪ್ಸ್ ವಾಪಸ್ ತಗೊಂಡೋನಿಗೆ ಗೊತ್ತು, ಒಪ್ಪದ ಬಾಸುಗಳನ್ನ ಒಪ್ಸೋದು ಸುಲಭ ಅಲ್ಲ, ಆ ಕೆಲ್ಸ ಅವ್ರದ್ದೇ. ಆದ್ರೆ ಮೇಲ್ ಓದಿದ ರಾತ್ರಿ ನಂಗೆ ಚಿಪ್ಸಕ್ಕನ ಹೆಸರು ನೆನಪು ಮಾಡ್ಕೊಳ್ಳಕ್ಕೆ ಹೋಗಿ, ನೆನಪಿಸ್ಕೊಳ್ಳಕ್ಕೆ ಗೊತ್ತೇ ಇರ್ಲಿಲ್ವಲ್ಲ ಅಂತ ಆಯ್ತು. ಹುಡುಕ್ಬೇಕು ಅನ್ಕೊಂಡೆ. ಅನ್ಕೊಂಡು ಸುಮ್ನಾದೆ, ಸೀಸನ್ನು, ಜಿಎಸ್‌ಟಿ, ಕೊರೋನಾ, ನೆಪಕ್ಕೇನು ಬರಗಾಲ.

ಹೋದ ವರ್ಷ ಕಾಲೇಜಲ್ಲಿ ಹಳೆ ವಿದ್ಯಾರ್ಥಿಗಳ ಸನ್ಮಾನಕ್ಕೆ ಕರೆದು ಶಾಲು ಹೊದಿಸಿದ್ರು. ಮೈಸೂರು ಪೇಟ ತಲೆ ಮೇಲೆ ಕೂತಿರೋವಾಗ ವೇದಿಕೆಯಿಂದ ಗೇಟ್ ಕಾಣ್ತಿತ್ತು. ಮರ ಕಡಿದಿದಾರೆ, ರಸ್ತೆ ಅಗಲ ಆಗಿದೆ. ಮಾರನೇ ದಿನವೇ ಗಾಜನೂರು ಕಡೆ ಹೊರಟೆ. ಮೂರು ಅಂಗಡೀಲಿ ಕೇಳ್ದೆ, ನಾಲ್ಕನೇದ್ರಲ್ಲಿ ಒಬ್ರು ಅಜ್ಜ "ಕಾಲೇಜಿನ ಹತ್ರ ಕರೀತಿದ್ದೋರಾ?" ಅಂತ ದಾರಿ ತೋರ್ಸಿದ್ರು.

ಅಂಗಳದಲ್ಲಿ ಅಡಿಕೆ ಹರವಿದ್ರು, ಪಕ್ಕದಲ್ಲಿ ಅಕ್ಕ ಕೂತಿದ್ರು. ಗುರುತು ಸಿಗ್ಲಿಲ್ಲ ಅವ್ರಿಗೆ. ಕಾಲೇಜು, 1996, ಬಿಕಾಂ ಅಂತ ಏನೇನೋ ಹೇಳ್ದೆ, ತಲೆ ಆಡ್ಸಿದ್ರು ಅಷ್ಟೇ. ನಮ್ಮ ಪ್ಯಾಕೆಟ್ ಒಡೆದು ಕೊಟ್ಟೆ. ಒಂದು ತಿಂದು, ಇನ್ನೊಂದು ತಿಂದು "ಮಿಡಿ ಬಿಸಿಲಲ್ಲಿ ಒಣಗ್ಸಿಲ್ಲ ನೀವು" ಅಂದ್ರು. ಹೌದು, ನಮ್ಮದು ಕರೆಂಟ್ ಡ್ರೈಯರ್. "ಘಮ ಹಾರೋಗಿದೆ. ಉಪ್ಪೂ ಜಾಸ್ತಿ. ಎಷ್ಟು ಇದಕ್ಕೆ?"

"ಮೂವತ್ತು ರೂಪಾಯಿ ಅಕ್ಕ."

ಕವರ್ ಒಳಗೆ ಇಣುಕಿ ನೋಡಿದ್ರು. "ಇಷ್ಟಕ್ಕಾ!" ಅಂತ ನಕ್ಕಿದ್ದು ನೋಡಿ ನಮ್ಮ ಮಾರ್ಕೆಟಿಂಗ್ ಸರ್ ಇಲ್ಲಿರ್ಬೇಕಿತ್ತು ಅನ್ಸ್ತು.

ಆಮೇಲೆ ಬಂದ ವಿಷ್ಯ ಹೇಳ್ದೆ. ಇದು ನಿಮ್ಮ ಪುಡಿ, ಕೇಳ್ದೇ ತಗೊಂಡಿದೀನಿ, ಪ್ಯಾಕೆಟ್ ಮೇಲೆ ನಿಮ್ಮ ಹೆಸರು ಹಾಕ್ತೀನಿ, ತಿಂಗಳಿಗೆ ಇಂತಿಷ್ಟು ಅಂತ ಕೊಡ್ತೀನಿ ಅಂತ ದಾರೀಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಒದರ್ದೆ. ಹೆಸರು ಕೇಳ್ದೆ, ಹೇಳಿದ್ರು. ಎಲ್ಲೂ ಬರೀಬೇಡ ಮಾರಾಯ ಅಂದ್ರು, ಹಾಗಾಗಿ ಇಲ್ಲಿ ಬರ್ದಿಲ್ಲ. "ನನ್ನ ಪುಡಿ ಎಂತದ್ದು, ನಮ್ಮತ್ತೆ ಮಾಡ್ತಿದ್ರು, ಅವ್ರು ಗಂಜಿ ಜೊತೆ ತಿನ್ನಕ್ಕೆ ಮಾಡ್ತಿದ್ರು" ಅಂದ್ರು. ತಿಂಗಳ ದುಡ್ಡಿನ ಮಾತಿಗೆ ಹಾಂ ಅನ್ಲಿಲ್ಲ ಹೂಂ ಅನ್ಲಿಲ್ಲ, ಅಡಿಕೆ ಆರಿಸ್ತಾ ಕೂತ್ರು. ಸೊಸೆ ಕಾಫಿ ತಂದ್ರು.

ಕಾಫಿ ಬಿಸಿಗೆ ಕನ್ನಡಕ ಮಬ್ಬಾಯ್ತು, ತೆಗ್ದು ಶರ್ಟಿಗೆ ಒರೆಸ್ಕೊಂಡು ಹಾಕ್ಕೊಂಡೆ. ಅಕ್ಕ ಅಡಿಕೆ ಬಿಟ್ಟು ನನ್ನನ್ನೇ ನೋಡ್ತಿದ್ರು.

"ಕನ್ನಡಕ" ಅಂದ್ರು. "ಪರೀಕ್ಷೆ ಮುಗೀತು ಅಂತ ಹೇಳ್ದೇ ಹೋದೆ ನೀನು. ಹದಿನೇಳು ಗೀಟು ಇದೆ."

ಜೇಬಲ್ಲಿ ಐನೂರರ ನೋಟು ಇತ್ತು, ಅದನ್ನ ಮುಟ್ಟಲಿಲ್ಲ. ಕಾರಿಗೆ ಹೋಗಿ ಹುಡುಕಿ ಇಪ್ಪತ್ತರ ನೋಟು ತಂದು ಕೊಟ್ಟೆ. ಅದನ್ನ ಮಡಚಿ ಸೆರಗಿಗೆ ಕಟ್ಕೊಂಡು, ಮೊಮ್ಮಗನ್ನ ಕೂಗಿ, ಅಂಗಡಿಗೆ ಓಡಿ ಮೂರು ರೂಪಾಯಿ ಚಿಲ್ಲರೆ ಇಸ್ಕೊಂಡು ಬಾ ಅಂತ ಕಳ್ಸಿದ್ರು. ಅವನು ಬರೋವರೆಗೂ ನಾನು ಕೂತಿದ್ದೆ.