ನಿಮಗೆ ಇದರಲ್ಲಿ ಎಂತ ಸಿಗ್ತದೆ?

ಎಂತದೂ ಸಿಗುವುದಿಲ್ಲ. ಉತ್ತರ ಅಷ್ಟೆ. ಇಷ್ಟಕ್ಕೇ ಸಮಾಧಾನವಾದವರು ಇಲ್ಲಿಗೆ ನಿಲ್ಲಿಸಬಹುದು.

ಸಮಾಧಾನ ಆಗುವುದಿಲ್ಲ ಎಂದು ಗೊತ್ತುಂಟು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮಂಜೇಶ್ವರದ ತನಕ ಯಾವ ಮದುವೆಯ ಊಟದ ಹಂತಿಯಲ್ಲಿ ಕೂತರೂ ಪಕ್ಕದ ಎಲೆಯಿಂದ ಈ ಪ್ರಶ್ನೆ ಬರುತ್ತದೆ. "ನೀವು ಅಳಿವೆಯ ಕಾಂಡ್ಲಾ ಕಾಡಿನ ಸಂಘದವರಲ್ವಾ? ಅಲ್ಲ, ಸುಮ್ಮನೆ ಕೇಳಿದ್ದು, ನಿಮಗೆ ಇದರಲ್ಲಿ ಎಂತ ಸಿಗ್ತದೆ?" ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ಅದನ್ನು ನೆಟ್ಟು ಕಾಯುವ ಸಂಘ ನಮ್ಮದು. ಸುಮ್ಮನೆ ಕೇಳುವವರು ಸ್ವರ ಇಳಿಸಿ ಕೇಳುವುದಿಲ್ಲ ಮಾರಾಯ್ರೆ. ಭಜನಾ ಮಂದಿರದ ಅಧ್ಯಕ್ಷರನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಯಕ್ಷಗಾನ ಸಂಘದ ಕಾರ್ಯದರ್ಶಿ ಇಡೀ ರಾತ್ರಿ ನಿದ್ದೆಗೆಟ್ಟು ಚೌಕಿಗೂ ರಂಗಸ್ಥಳಕ್ಕೂ ಓಡಾಡಿದರೆ ಅದು ಸೇವೆ. ಕೆಸರಿಗೆ ಇಳಿದವರ ಹಿಂದೆ ಮಾತ್ರ ಏನೋ ಒಂದು ಇರಬೇಕು.

ಇದೇ ಪ್ರಶ್ನೆಗೆ ಬೇರೆ ವೇಷಗಳೂ ಉಂಟು. "ಕೇಂದ್ರದಿಂದ ಫಂಡು ಬರ್ತದಲ್ಲ?" ಬರುವುದಿಲ್ಲ. "ಫಾರೆಸ್ಟಿನವರು ಸಂಬಳ ಕೊಡ್ತಾರಲ್ಲ?" ಕೊಡುವುದಿಲ್ಲ. "ಕಲ್ಲೇನ್ ಪೊಕ್ಕುಡನ್ ಒಬ್ಬರೇ ಮಾಡಿದರಲ್ಲ, ನಿಮಗೆ ಸಂಘ, ಅಧ್ಯಕ್ಷ ಎಲ್ಲ ಯಾಕೆ?" ಈ ಕೊನೆಯದಕ್ಕೆ ಮಾತ್ರ ಸ್ವಲ್ಪ ಮರ್ಯಾದೆಯ ಉತ್ತರ ಕೊಡಬೇಕು. ಪಕ್ಕದ ಕಣ್ಣೂರಿನ ಪಳಯಂಗಾಡಿಯಲ್ಲಿ ಪೊಕ್ಕುಡನ್ 1989ರಲ್ಲಿ ಕಾಂಡ್ಲಾ ನೆಡಲು ಸುರು ಮಾಡಿದರು, 2015ರಲ್ಲಿ ತೀರಿಕೊಳ್ಳುವ ತನಕ ಅದನ್ನೇ ಬದುಕು ಮಾಡಿಕೊಂಡರು. ಅಂಥವರು ಪ್ರತಿ ಹೊಳೆಗೆ ಒಬ್ಬರಂತೆ ಹುಟ್ಟುವುದಿಲ್ಲ. ನಮ್ಮಂಥ ಸಾಮಾನ್ಯರಿಗೆ ರಿಜಿಸ್ಟರು, ರಶೀದಿ ಪುಸ್ತಕ, ಮೀಟಿಂಗು ಎಲ್ಲ ಬೇಕಾಗುತ್ತದೆ.

ಹಾಗಾದರೆ ಸಂಘದ ಪದಾಧಿಕಾರಿಗಳು ಮಾಡುವುದೆಂತ? ಮುಕ್ಕಾಲು ಪಾಲು ಕಾಗದದ ಕೆಲಸ. ಕಾಡು ಸಂಘದ್ದಲ್ಲ. ಒಂದು ತುಂಡು ಅರಣ್ಯ ಇಲಾಖೆಯದು, ಒಂದು ತುಂಡು ಕಂದಾಯದ ಪೊರಂಬೋಕು ಎಂಬ ಸರಕಾರಿ ಜಾಗ, ನಡುವೆ ಪಟ್ಟಾ ಇರುವ ಖಾಸಗಿ ಜಾಗ. ಎಲ್ಲಿ ಕಾಲಿಡುವುದಾದರೂ ಮೊದಲು ಆ ತುಂಡಿನ ಯಜಮಾನರ ಒಪ್ಪಿಗೆ, ಅದೂ ಬರವಣಿಗೆಯಲ್ಲಿ. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡದ ಭಾಗವಾಗಿ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಇಲ್ಲಿನ ಸಂಘಗಳು 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ತಿರುವನಂತಪುರದ ಗೆಳೆಯರು ಕಳಿಸುವ ಮಾದರಿ ಬೈಲಾ ತಿರುವಾಂಕೂರು–ಕೊಚ್ಚಿಯ 1955ರ ಕಾಯ್ದೆಯದು. ಅದನ್ನು ನಕಲು ಮಾಡಿ ಹಾಕಿದರೆ ವಾಪಸು ಬರುತ್ತದೆ. ಏಳು ಜನ ಸಹಿ ಹಾಕಿದರೆ ಸಂಘ ಹುಟ್ಟುತ್ತದೆ. ಉಳಿಯಬೇಕಾದರೆ ವಾರ್ಷಿಕ ಮಹಾಸಭೆಯಾಗಿ 14 ದಿನದೊಳಗೆ ಆಡಳಿತ ಸಮಿತಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಸಂಘಗಳು ಬಾಗಿಲು ಹಾಕುವುದು ಜಗಳದಿಂದ ಎಂದು ಜನ ತಿಳಿದಿದ್ದಾರೆ. ಹೆಚ್ಚಿನವು ಈ ಒಂದು ಹಾಳೆ ಕಳಿಸದೆ, ವರ್ಷದ ಮೇಲೆ ವರ್ಷ ಬಾಕಿ ಬಿದ್ದು ಒಣಗುತ್ತವೆ.

ದುಡ್ಡಿನ ವಿಷಯ. ಗಲ್ಫಿನಲ್ಲಿರುವ ನಮ್ಮೂರಿನವರು ಧಾರಾಳಿಗಳು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಬಳದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಲೆಕ್ಕದಲ್ಲಿ ವಿದೇಶಿ ದೇಣಿಗೆಯಲ್ಲ. ಧೈರ್ಯವಾಗಿ ಕಳಿಸಿ. ಬೇರೆ ದೇಶದ ಪೌರತ್ವ ತೆಗೆದುಕೊಂಡ ಅಣ್ಣ ಕಳಿಸಿದರೆ ವಿದೇಶಿ ದೇಣಿಗೆಯೇ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಇದ್ದರೂ ಸರಿ. ಅದನ್ನು ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು. ನೋಂದಣಿಗೆ ಮೂರು ವರ್ಷದ ಕೆಲಸ ಮತ್ತು ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು, ಖಾತೆಯನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆಯಬೇಕು. ನಮ್ಮ ಗಾತ್ರದ ಸಂಘಕ್ಕೆ ಅದು ಆಗುವ ಮಾತಲ್ಲ. ಹಾಗಾಗಿ ಆ ಅಣ್ಣನಿಗೆ ಕೈಮುಗಿದು ಬೇಡ ಎನ್ನುತ್ತೇವೆ. ಅವರಿಗೆ ಬೇಜಾರಾಗುತ್ತದೆ. ಆಗಲಿ. "ರಶೀದಿ ಬೇಡ, ನಗದು ಇಟ್ಟುಕೊಳ್ಳಿ" ಎನ್ನುವವರಿಗೂ ಬೇಡ ಎನ್ನುತ್ತೇವೆ. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ರಿಯಾಯಿತಿ ಬೇಕಾದವರಿಗೆ 2000 ರೂಪಾಯಿ ದಾಟಿದ ನಗದಿಗೆ ಅದು ಸಿಗುವುದಿಲ್ಲ. ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮೇ ತಿಂಗಳಲ್ಲಿ ಖಜಾಂಚಿ ಯಾಕೆ ಯಾರ ಮದುವೆಗೂ ಬರಲಿಲ್ಲ ಎಂದು ಕೇಳಿದ್ದಿರಲ್ಲ, ಇದಕ್ಕೆ.

ನಮ್ಮ ಬೈಲಾದಲ್ಲಿ ಪದಾಧಿಕಾರಿಗೆ ಸಿಗುವುದು ಬಸ್ಸಿನ ಚೀಟಿ ತೋರಿಸಿದರೆ ಬಸ್ಸಿನ ದುಡ್ಡು. ಆಟೋ ಇಲ್ಲ. ಚೆಕ್ಕಿಗೆ ಮೂವರಲ್ಲಿ ಇಬ್ಬರ ಸಹಿ ಬೇಕು. ಲೆಕ್ಕ ಪುಸ್ತಕ ಕಪಾಟಿನಲ್ಲುಂಟು, ಸದಸ್ಯರು ಯಾರೂ ತೆರೆದು ನೋಡಬಹುದು. ತಮಾಷೆಯೆಂದರೆ, ಎಂತ ಸಿಗ್ತದೆ ಎಂದು ಕೇಳುವವರು ಆ ಪುಸ್ತಕ ತೋರಿಸಿ ಎಂದು ಯಾವತ್ತೂ ಕೇಳುವುದಿಲ್ಲ. ಅನುಮಾನ ಬೇಕು, ಲೆಕ್ಕ ಬೇಡ.

ಅದಕ್ಕಿಂತ ದೊಡ್ಡ ಇನ್ನೊಂದು ಪುಸ್ತಕ ಉಂಟು. ಕೇಳುವುದಾದರೆ ಅದನ್ನು ಕೇಳಬೇಕಿತ್ತು: "ಕಳೆದ ವರ್ಷ ನೆಟ್ಟದ್ದರಲ್ಲಿ ಎಷ್ಟು ಬದುಕಿದೆ?"

ಈ ಪ್ರಶ್ನೆ ದಾನಿಗಳೂ ಕೇಳುವುದಿಲ್ಲ, ಶಾಲೆಯವರೂ ಕೇಳುವುದಿಲ್ಲ, ಫೋಟೋ ಹಾಕುವವರಂತೂ ಕೇಳುವುದೇ ಇಲ್ಲ. ಎಲ್ಲರಿಗೂ ಬೇಕಾದದ್ದು ನೆಟ್ಟದ್ದೆಷ್ಟು ಎಂಬ ಸಂಖ್ಯೆ. ಜೂನ್ 5 ಪರಿಸರ ದಿನ, ಜುಲೈ 26 ಕಾಂಡ್ಲಾ ದಿನ. ಎರಡು ಬಸ್ಸು ಮಕ್ಕಳು, ಒಂದು ಬ್ಯಾನರು, ಸಾವಿರ ಸಸಿ. ಆ ದಿನ ಕಡಲಿನ ನೀರು ಹೊಳೆಗೆ ಏರುವುದು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಆಯೋಜಕರು ಮುಖ ನೋಡುತ್ತಾರೆ. ಉದ್ಘಾಟನೆಗೆ ಹತ್ತು ಗಂಟೆ ಎಂದು ಕಾರ್ಡು ಅಚ್ಚಾಗಿರುತ್ತದೆ. ಇಳಿತ ಬೆಳಿಗ್ಗೆ ಆರಕ್ಕಿದ್ದರೆ ಹತ್ತು ಗಂಟೆಗೆ ಮಕ್ಕಳು ಸೊಂಟದಷ್ಟು ನೀರಿನಲ್ಲಿ ಸಸಿ ತೇಲಿ ಬಿಡಬೇಕಷ್ಟೆ. ಮಳೆಗಾಲದ ಸೆಳೆತದಲ್ಲಿ ಮಕ್ಕಳನ್ನು ಹೊಳೆಗೆ ಇಳಿಸುವುದು ನಮ್ಮಿಂದಾಗದು. ಕಾರ್ಯದರ್ಶಿಯ ಅತಿ ಮುಖ್ಯ ಕೆಲಸ ಈ ಕಾರ್ಯಕ್ರಮಗಳಿಗೆ "ಇಲ್ಲ" ಎನ್ನುವುದು. ಅದರಿಂದ ಊರಲ್ಲಿ ಹೆಸರು ಹಾಳಾಗುತ್ತದೆ, ಅದೂ ಸಂಬಳವಿಲ್ಲದೆ.

ನೆಡುವುದು ಹೇಗೆಂದು ಕೇಳಿ. ಭ್ರಾಂತನ್ ಕಂಡಲ್ ಎನ್ನುವ ಕಾಂಡ್ಲಾ ಜಾತಿಯ (ರೈಜೋಫೊರಾ) ಕೋಡು ಮರದಲ್ಲಿರುವಾಗಲೇ ಮೊಳೆತಿರುತ್ತದೆ, ಒಂದೂವರೆ ಅಡಿ, ಕೆಲವು ಎರಡಡಿ ಉದ್ದ. ಹಸುರಾಗಿರುವಾಗ ಕಿತ್ತರೆ ಪ್ರಯೋಜನವಿಲ್ಲ. ಕಾಯಿ ಮತ್ತು ಕೋಡಿನ ನಡುವಿನ ಕುತ್ತಿಗೆ ಹಳದಿಗೆ ತಿರುಗಿರಬೇಕು, ಕೊಂಬೆ ಅಲುಗಿಸಿದರೆ ತಾನೇ ಬೀಳಬೇಕು. ಹುಳ ಕೊರೆದ ತೂತು ಇದ್ದರೆ ಎಸೆಯಿರಿ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ನೆಡುವಾಗ ಕೆಳಗಿನ ಮೂರರಲ್ಲಿ ಒಂದು ಪಾಲು ಕೆಸರಿನೊಳಗೆ ಹೋಗಬೇಕು, ಮೊಗ್ಗಿನ ತುದಿ ಮೇಲೆ. ತಲೆಕೆಳಗಾಗಿ ಊರಿದ ಕೋಡುಗಳು ಪ್ರತಿ ಶಿಬಿರದಲ್ಲೂ ಸಿಗುತ್ತವೆ. ಅದು ಮಕ್ಕಳ ತಪ್ಪಲ್ಲ, ತೋರಿಸಿಕೊಡುವವರು ಭಾಷಣ ಕೇಳುತ್ತ ದಡದಲ್ಲಿ ನಿಂತದ್ದರ ಫಲ. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಒಂದು ಮೀಟರು. ಉಪ್ಪಟ್ಟಿ ಎಂಬ ಇನ್ನೊಂದು ಜಾತಿಯ ಕಾಂಡ್ಲಾದ ಬೀಜ ಅವರೆಯಂತೆ ಚಪ್ಪಟೆ, ಹಗುರ, ನೇರವಾಗಿ ಬಿತ್ತಿದರೆ ಮುಂದಿನ ಏರಿಗೆ ಎದ್ದು ಹೋಗುತ್ತದೆ. ಅದನ್ನು ನರ್ಸರಿಯಲ್ಲಿ ಚೀಲಕ್ಕೆ ಹಾಕಿ ಬೆಳೆಸಬೇಕು. ಮತ್ತೆ, ದಯವಿಟ್ಟು, ನೆಡುವ ಮೊದಲು ಆ ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಚೀಲದ ಸಮೇತ ನೆಟ್ಟ ಗಿಡದ ಬೇರು ಒಳಗೇ ಸುತ್ತಿ ಸುತ್ತಿ ನಿಲ್ಲುತ್ತದೆ.

ಇಷ್ಟೂ ಸರಿ ಮಾಡಿದರೂ ಜಾಗ ತಪ್ಪಿದರೆ ಎಲ್ಲ ದಂಡ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗೂ ಏರಿಗೆ ಇಳಿತಕ್ಕೆ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಹಾಗಾಗಿ ಒಂದು ಗೇಣು ಎತ್ತರ ತಗ್ಗಾದರೂ ಗಿಡ ನೀರಿನಡಿ ಇರುವ ಹೊತ್ತು ಬಹಳ ಬದಲಾಗುತ್ತದೆ. ಖಾಲಿ ಕೆಸರು ಕಂಡ ಕೂಡಲೇ "ಇಲ್ಲಿ ಎಷ್ಟು ಜಾಗ ಉಂಟಲ್ಲ, ನೆಡುವ" ಎನ್ನುತ್ತಾರೆ. ಅಲ್ಲಿ ಕಾಂಡ್ಲಾ ತಾನಾಗಿ ಬಾರದ್ದಕ್ಕೆ ಕಾರಣ ಉಂಟು. ದಿನದ ಹೆಚ್ಚು ಹೊತ್ತು ಮುಳುಗಿರುವ ಕೆಸರದು, ಎಳೆ ಗಿಡ ಉಸಿರು ಕಟ್ಟಿ ಸಾಯುತ್ತದೆ. ಉಳಿದದ್ದರ ಕಾಂಡಕ್ಕೆ ಚಿಪ್ಪಿನ ಹುಳಗಳು ಮೆತ್ತಿಕೊಂಡು ಭಾರಕ್ಕೆ ಬಾಗಿಸುತ್ತವೆ. ಅಲ್ಲದೆ ಅದು ಖಾಲಿಯೂ ಅಲ್ಲ. ಹೆಂಗಸರು ಮರುವಾಯಿ ಚಿಪ್ಪು ಹೆಕ್ಕುವುದು ಅಲ್ಲೇ, ಚಳಿಗಾಲಕ್ಕೆ ಬರುವ ಗೊರವ ಹಕ್ಕಿಗಳು ಮೇಯುವುದೂ ಅಲ್ಲೇ.

ನಿಜ ಹೇಳಬೇಕೆಂದರೆ ನೆಡದೇ ಇರುವುದೇ ಎಷ್ಟೋ ಸಲ ಒಳ್ಳೆಯದು. ರಸ್ತೆಯಡಿಯ ಮೋರಿಯಲ್ಲಿ ಹೂಳು ಕಟ್ಟಿ ಉಪ್ಪುನೀರು ಒಳಗೆ ಬಾರದೆ ಕಾಡು ಒಣಗಿದ್ದರೆ ಮೋರಿ ಬಿಡಿಸಿ. ನೀರು ಬಂದರೆ ಬೀಜವೂ ಅದರೊಟ್ಟಿಗೆ ಬರುತ್ತದೆ, ಹೊಂದುವ ಎತ್ತರ ನೋಡಿ ತಾನೇ ಕೂರುತ್ತದೆ. ಆದರೆ ಮೋರಿಯ ಹೂಳು ತೆಗೆದದ್ದಕ್ಕೆ ಯಾರೂ ಬ್ಯಾನರು ಕಟ್ಟುವುದಿಲ್ಲ.

ಬದುಕಿದ್ದೆಷ್ಟು ಎಂಬ ಪುಸ್ತಕ ಬರೆಯುವುದಕ್ಕೂ ಕ್ರಮ ಉಂಟು. ತಾಕಿನ ನಾಲ್ಕು ಮೂಲೆಗೆ ಅಡಿಕೆ ಸಲಾಕೆ ಊರಬಹುದು, ಒಂದು ಮಳೆಗಾಲ ತಡೆಯುತ್ತದೆ. ಫೋನಿನ ಜಿಪಿಎಸ್ಸನ್ನೇ ನಂಬಿದರೆ ಐದಾರು ಮೀಟರು ಆಚೀಚೆಯಾಗಿ ಪಕ್ಕದ ತಾಕಿನ ಗಿಡ ಎಣಿಸಿ ಬರುತ್ತೀರಿ. ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಮೂರು ವರ್ಷಕ್ಕೆ ಎಣಿಕೆ. ಸತ್ತ ಗಿಡದ ಎದುರು ಕಾರಣ: ಏಡಿ ಬುಡ ಕಚ್ಚಿದ್ದು, ದನ ಮೇಯ್ದದ್ದು, ಮಳೆ ನಿಂತ ಮೇಲೆ ಹರಿದ ಬಲೆ ಸುತ್ತಿ ಎಳೆದದ್ದು, ಅಳಿವೆ ಜಾಗ ಬದಲಿಸಿ ಹೊಯಿಗೆ ಮುಚ್ಚಿದ್ದು. ಸತ್ತದ್ದರ ಜಾಗಕ್ಕೆ ಹೊಸದು ನೆಟ್ಟರೆ ಅದು ಬೇರೆ ಕಾಲಮ್ಮಿಗೆ ಹೋಗಬೇಕು. ಎಲ್ಲ ಕಳ್ಳತನ ಈ ಕಾಲಮ್ಮಿನಲ್ಲೇ ನಡೆಯುವುದು. ಸತ್ತಷ್ಟನ್ನೂ ಮತ್ತೆ ನೆಟ್ಟು ತೊಂಬತ್ತು ಶೇಕಡಾ ಬದುಕಿದೆ ಎಂದು ಬರೆಯುವುದು ಬಹಳ ಸುಲಭ, ದೂರದಿಂದ ಬರುವ ಪರಿಶೀಲಕರಿಗೆ ಗೊತ್ತೂ ಆಗುವುದಿಲ್ಲ.

ಕಡಲಾಮೆಯ ಬಗ್ಗೆ ಕೇಳುವವರಿಗೂ ಎರಡು ಮಾತು. ಹೊಯಿಗೆಯಲ್ಲಿ ಗೂಡು ಕಂಡರೆ ಮುಟ್ಟಬೇಡಿ, ಟಾರ್ಚು ಬಿಡಬೇಡಿ, ಅರಣ್ಯ ಇಲಾಖೆಗೆ ಫೋನು ಮಾಡಿ. ಸಂಘದ ಗುರುತುಚೀಟಿ ಇದ್ದರೆ ಮೊಟ್ಟೆ ಎತ್ತಬಹುದು ಎಂದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿಯದು, ಅನುಮತಿ ಇಲ್ಲದೆ ಅಧ್ಯಕ್ಷರು ಮುಟ್ಟಿದರೂ ಅಪರಾಧವೇ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು. ಅನುಮತಿ ಇರುವವರೂ ಆಮೆ ಇಟ್ಟ ಕೆಲವೇ ಗಂಟೆಯೊಳಗೆ ಮೊಟ್ಟೆಯನ್ನು ಸಾಗಿಸಬೇಕು, ತಿರುಗಿಸದೆ, ಕುಲುಕದೆ. ತಡವಾದರೆ ಒಳಗಿನ ಜೀವ ಸಾಯುತ್ತದೆ. 2023ರಲ್ಲಿ ಜಿಲ್ಲೆಯ ಹಕ್ಕಿ ಎಂದು ಘೋಷಣೆಯಾದ ಬಿಳಿಹೊಟ್ಟೆಯ ಕಡಲ ಹದ್ದಿನ ಗೂಡಿನ ಮೇಲೆ ಡ್ರೋನು ಹಾರಿಸುವವರಿಗೂ ನಮ್ಮ ಉತ್ತರ ಅದೇ, "ಇಲ್ಲ".

ಮತ್ತೆ ಕಾಂಡ್ಲಾ ಕಾಡಿನಲ್ಲಿರುವ ಕಣ್ಣಾಂಪೊಟ್ಟಿ ಮರದ ಹಾಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಬಾಟ್ಲಿ ನೀರು ಪೂರ್ತಿ ಸುರಿದು ತೊಳೆದು ಡಾಕ್ಟರ ಹತ್ತಿರ ಹೋಗಿ. ಕಾಡಿಗೆ ಕರೆದುಕೊಂಡು ಹೋಗುವ ಪ್ರತಿ ಗುಂಪಿಗೂ ಸಿಹಿನೀರಿನ ಬಾಟ್ಲಿ ಕಡ್ಡಾಯ ಮಾಡಿದ್ದು ಇದಕ್ಕೇ, ಬಾಯಾರಿಕೆಗಲ್ಲ.

ಈಗ ನಮಗೆ ಬೇಕಾಗಿರುವ ವಿಷಯ. ಬರುವ ಮಹಾಸಭೆಯಲ್ಲಿ ಖಜಾಂಚಿ ಸ್ಥಾನ ಖಾಲಿಯಾಗುತ್ತದೆ. ಪ್ರಕೃತಿ ಪ್ರೇಮ ಇರಬೇಕೆಂದಿಲ್ಲ, ಅದು ಈಗಿರುವವರಲ್ಲಿ ಬೇಕಾದಷ್ಟು ಉಂಟು. ಮಲಯಾಳದಲ್ಲಿ ಬರುವ ನೋಟೀಸು ಓದಲು ಬರಬೇಕು. ಅದಕ್ಕೆ ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು, 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ನಮಗೆ ಆ ಹಕ್ಕು ಉಂಟು. ಕಂಪ್ಯೂಟರಿನಲ್ಲಿ ಲೆಕ್ಕ ಕೂಡಿಸಲು ಗೊತ್ತಿರಬೇಕು, ಮೇ ತಿಂಗಳಲ್ಲಿ ಊರಲ್ಲಿರಬೇಕು. ಆಯ್ಕೆಯಾದ ಮರುವಾರವೇ ಬ್ಯಾಂಕಿಗೆ ಹೋಗಿ ಸಹಿ ಬದಲಿಸಬೇಕು, ಇಲ್ಲವಾದರೆ ಖಾತೆ ನಿಂತು ಮಳೆಗಾಲದ ನರ್ಸರಿ ಕೂಲಿ ಬಾಕಿಯಾಗುತ್ತದೆ. ಸಭೆಯ ನಿರ್ಣಯದ ಪ್ರತಿ ನಾವು ಕೊಡುತ್ತೇವೆ. ಪ್ಯಾನು, ಆಧಾರು, ಎರಡು ಫೋಟೋ ನೀವೇ ತರಬೇಕು.