ತೀವ್ರ ಲೇಸರಿನಿಂದ ಕ್ಷ-ಕಿರಣದ ಪಲ್ಸ್: ಲೆಕ್ಕಾಚಾರ 1600 ನ್ಯಾನೊಮೀಟರಿಗೆ ಬಂದಿದೆ

ತೀವ್ರವಾದ ಲೇಸರ್ ಬೆಳಕು ಅನಿಲದ ಪರಮಾಣುವಿನಿಂದ ಕ್ಷ-ಕಿರಣದ ಅತಿ ಹ್ರಸ್ವ ಪಲ್ಸ್‌ಗಳನ್ನು ಹೊರಡಿಸುವ ಬಗೆಯನ್ನು ಮನೆಯ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವ ನನ್ನ ಕೆಲಸ ಈಗ 800 ನ್ಯಾನೊಮೀಟರ್ ತರಂಗಾಂತರದಿಂದ 1600ಕ್ಕೆ ದಾಟಿದೆ. ಹಿಂದಿನ ಹಂತದ ಫಲಿತಾಂಶ ಗಟ್ಟಿಯಾಗಿ ನಿಂತದ್ದರಿಂದಲೇ ಮುಂದುವರಿಯುವ ಧೈರ್ಯ ಬಂದಿತು.

ಆ ಹಂತದಲ್ಲಿ ಆರ್ಗಾನ್‌ನ ಒಂದು ಎಲೆಕ್ಟ್ರಾನನ್ನು ಮಾತ್ರ, ಅದನ್ನೂ ಒಂದೇ ಆಯಾಮದಲ್ಲಿ, ಪರಿಗಣಿಸಿದ್ದೆ. ಅಯಾನೀಕರಣ ಶಕ್ತಿ (ಎಲೆಕ್ಟ್ರಾನನ್ನು ಪರಮಾಣುವಿನಿಂದ ಬಿಡಿಸಲು ಬೇಕಾದ ಶಕ್ತಿ) 15.76 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಬರುವಂತೆ ಪರಮಾಣುವಿನ ಸೆಳೆತವನ್ನು ಹೊಂದಿಸಿ, ಚದರ ಸೆಂಟಿಮೀಟರಿಗೆ 10¹⁴ ವ್ಯಾಟ್ ತೀವ್ರತೆಯ ಲೇಸರ್ ಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಅಲೆಯ ಚಲನೆಯನ್ನು ಹೇಳುವ ಶ್ರೋಡಿಂಗರ್ ಸಮೀಕರಣವನ್ನು ಬಿಡಿಸಿದಾಗ, ರೋಹಿತದಲ್ಲಿ, ಅಂದರೆ ಹೊರಬಂದ ಬೆಳಕಿನ ಶಕ್ತಿವಾರು ಹಂಚಿಕೆಯಲ್ಲಿ, ಬೆಸ ಹಾರ್ಮೋನಿಕ್‌ಗಳು (ಲೇಸರಿನ ಆವರ್ತನದ ಬೆಸಸಂಖ್ಯೆಯ ಪಟ್ಟುಗಳು) ಮಾತ್ರ ಸಾಲಾಗಿ ಮೂಡಿ, ಬಹುದೂರ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗಿ, 35 ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಿ ಥಟ್ಟನೆ ಕುಸಿದವು. ಭೌತವಿಜ್ಞಾನಿ ಪಾಲ್ ಕಾರ್ಕಮ್ 1993ರಲ್ಲಿ ಕೊಟ್ಟ ವಿವರಣೆಯ ಪ್ರಕಾರವೂ ಅವು ಅಲ್ಲಿಯೇ ಕುಸಿಯಬೇಕು.

ಆ ವಿವರಣೆಯ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಲೇಸರ್ ಕ್ಷೇತ್ರ ಪರಮಾಣುವಿನ ತಡೆಯನ್ನು ಬಾಗಿಸಿದಾಗ ಎಲೆಕ್ಟ್ರಾನ್ ಅದರೊಳಗಿಂದ ನುಸುಳಿ ಹೊರಬರುತ್ತದೆ. ಕ್ಷೇತ್ರ ಅದನ್ನು ದೂರ ಒಯ್ದು, ತನ್ನ ದಿಕ್ಕು ಬದಲಾದಾಗ ಹಿಂದಕ್ಕೆ ತಳ್ಳುತ್ತದೆ. ಮರಳಿದ ಎಲೆಕ್ಟ್ರಾನ್ ಪರಮಾಣುವನ್ನು ಸೇರುವಾಗ ಗಳಿಸಿದ ಶಕ್ತಿಯೆಲ್ಲ, ಅಯಾನೀಕರಣ ಶಕ್ತಿಯೂ ಸೇರಿ, ಒಂದೇ ಫೋಟಾನ್ (ಬೆಳಕಿನ ಕಣ) ಆಗಿ ಹೊಮ್ಮುತ್ತದೆ. ಕ್ಷೇತ್ರದ ಒಂದು ಆವರ್ತವನ್ನು 360 ಡಿಗ್ರಿ ಎಂದೆಣಿಸಿದರೆ, ಅದರ ಶಿಖರವನ್ನು ದಾಟಿ ಸುಮಾರು 18 ಡಿಗ್ರಿಯಲ್ಲಿ ಹೊರಟದ್ದು ಸುಮಾರು 252 ಡಿಗ್ರಿಯಲ್ಲಿ ಮರಳುತ್ತದೆ, ಮತ್ತು ಎಲ್ಲಕ್ಕಿಂತ ಹೆಚ್ಚಿನ ಶಕ್ತಿ, ಅಂದರೆ ಕ್ಷೇತ್ರದಲ್ಲಿ ಎಲೆಕ್ಟ್ರಾನಿನ ತೂಗಾಟದ ಸರಾಸರಿ ಶಕ್ತಿಯ 3.17 ಪಟ್ಟು, ಸಿಗುವುದು ಅದಕ್ಕೇ. ಈ ಸರಾಸರಿ ಶಕ್ತಿ ತರಂಗಾಂತರದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 800 ನ್ಯಾನೊಮೀಟರಿನಲ್ಲಿ 6 ಎಲೆಕ್ಟ್ರಾನ್ ವೋಲ್ಟ್ ಇದ್ದದ್ದು 1600ರಲ್ಲಿ 24 ಆಗುತ್ತದೆ. ಹೊಸ ಲೆಕ್ಕದಲ್ಲಿ ರೋಹಿತ 90 ಎಲೆಕ್ಟ್ರಾನ್ ವೋಲ್ಟ್ ದಾಟಿಯೇ ಕುಸಿಯಿತು. ಲೇಸರಿನ ತರಂಗಾಂತರ ಹಿಗ್ಗಿದಷ್ಟೂ ಹೊರಬರುವ ಕಿರಣದ ತರಂಗಾಂತರ ಕುಗ್ಗುತ್ತದೆ! ಮಾರ್ಗರೆಟ್ ಮರ್ನೇನ್ ಮತ್ತು ಹೆನ್ರಿ ಕಾಪ್ಟೆನ್ ಅವರ ತಂಡ 2012ರಲ್ಲಿ 3.9 ಮೈಕ್ರೊಮೀಟರ್ ಲೇಸರನ್ನು ಅಧಿಕ ಒತ್ತಡದ ಹೀಲಿಯಂಗೆ ಹಾಯಿಸಿ 1.6 ಕಿಲೊ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಕ್ಷ-ಕಿರಣ ಪಡೆದದ್ದು ಇದೇ ದಾರಿಯಲ್ಲಿ.

ಕಂಪ್ಯೂಟರಿನ ಮೇಲಿನ ಹೊರೆ ಮಾತ್ರ ಬಹಳ ಹೆಚ್ಚಿತು. ಎಲೆಕ್ಟ್ರಾನಿನ ತೂಗಾಟದ ಹರವು 0.9 ನ್ಯಾನೊಮೀಟರಿನಿಂದ 3.5ಕ್ಕೆ ಏರಿದ್ದರಿಂದ ಲೆಕ್ಕದ ಅಂಕಣವನ್ನು ನಾಲ್ಕು ಪಟ್ಟು ಅಗಲಿಸಿ, ಅಂಚುಗಳಲ್ಲಿ ಅಲೆ ಪ್ರತಿಫಲಿಸದಂತೆ ಹೀರುವ ಪದರವನ್ನೂ ದಪ್ಪಗೊಳಿಸಿದ್ದೇನೆ.

ಹೊಳಪಿನ ವಿಷಯದಲ್ಲಿ ಈ ಲೆಕ್ಕವನ್ನು ನಂಬಬಾರದು ಎಂಬುದು ನನ್ನ ತೀರ್ಮಾನ. ಒಂದೊಂದು ಪರಮಾಣುವಿನಿಂದ ಬರುವ ಬೆಳಕು ತರಂಗಾಂತರದ ಐದರಿಂದ ಆರನೆಯ ಘಾತದಷ್ಟು ಕುಗ್ಗುತ್ತದೆ ಎಂದು ಮೂರು ಆಯಾಮದ ಲೆಕ್ಕಗಳು ತೋರಿಸಿವೆ. ತರಂಗಾಂತರ ಇಮ್ಮಡಿಯಾದರೆ 32ರಿಂದ 64 ಪಟ್ಟು ನಷ್ಟ. ಹೆಚ್ಚು ಹೊತ್ತು ಹೊರಗಿದ್ದ ಎಲೆಕ್ಟ್ರಾನಿನ ಅಲೆ ಅಷ್ಟೇ ಹೆಚ್ಚು ಹರಡಿ, ಮರಳುವಾಗ ಪರಮಾಣುವಿಗೆ ತಾಗುವ ಪಾಲು ಕಡಿಮೆಯಾಗುವುದು ಇದಕ್ಕೆ ಮುಖ್ಯ ಕಾರಣ. ಒಂದೇ ಆಯಾಮದಲ್ಲಿ ಅಕ್ಕಪಕ್ಕಕ್ಕೆ ಹರಡಲು ಜಾಗವೇ ಇಲ್ಲದ ಕಾರಣ ನನ್ನ ರೋಹಿತದಲ್ಲಿ ನಷ್ಟ ಸೌಮ್ಯವಾಗಿ ಕಾಣುತ್ತದೆ. ಶಕ್ತಿಯ ಮಿತಿ ಮತ್ತು ಎಲೆಕ್ಟ್ರಾನ್ ಮರಳುವ ಕ್ಷಣ, ಇವೆರಡನ್ನು ಮಾತ್ರ ಭರವಸೆಯಿಂದ ಓದಬಹುದು.

ಆ ಕ್ಷಣಗಳನ್ನು ಓದಲೆಂದೇ 50 ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿನ ಭಾಗವನ್ನಷ್ಟೇ ಉಳಿಸಿಕೊಂಡು, ಬೆಳಕು ಕಾಲದೊಂದಿಗೆ ಬದಲಾಗುವ ರೂಪಕ್ಕೆ ಅದನ್ನು ಮರಳಿಸಿದೆ. ಲೇಸರಿನ ಪ್ರತಿ ಅರ್ಧ ಆವರ್ತಕ್ಕೆ, ಅಂದರೆ 2.67 ಫೆಮ್ಟೊಸೆಕೆಂಡಿಗೊಮ್ಮೆ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ 10¹⁵ರಲ್ಲಿ ಒಂದು ಭಾಗ), ಬೆಳಕು ಚಿಮ್ಮುತ್ತದೆ. ಶಕ್ತಿ ಮತ್ತು ಕಾಲವನ್ನು ಒಟ್ಟಿಗೆ ತೋರಿಸುವ ನಕ್ಷೆಯಲ್ಲಿ ಪ್ರತಿ ಚಿಮ್ಮುವಿಕೆಗೂ ಎರಡು ತೋಳುಗಳಿವೆ: ಬೇಗ ಮರಳುವ ಎಲೆಕ್ಟ್ರಾನ್‌ಗಳದ್ದು ಏರುತ್ತದೆ, ತಡವಾಗಿ ಮರಳುವವುಗಳದ್ದು ಇಳಿಯುತ್ತದೆ. ಏರುವ ತೋಳಿನಲ್ಲಿ ಕಡಿಮೆ ಶಕ್ತಿಯ ಬೆಳಕು ಮೊದಲು ಬರುವುದರಿಂದ ಪಲ್ಸ್ ಹಿಗ್ಗುತ್ತದೆ. ಎಲ್ಲ ಶಕ್ತಿಗಳೂ ಒಮ್ಮೆಗೇ ಬಂದಿದ್ದರೆ 40 ಎಲೆಕ್ಟ್ರಾನ್ ವೋಲ್ಟ್ ಅಗಲದ ಪಟ್ಟಿ 46 ಅಟ್ಟೊಸೆಕೆಂಡಿಗೆ (ಅಟ್ಟೊಸೆಕೆಂಡ್ ಎಂದರೆ ಫೆಮ್ಟೊಸೆಕೆಂಡಿನ ಸಾವಿರದಲ್ಲಿ ಒಂದು ಭಾಗ) ಕುಗ್ಗಬಹುದಿತ್ತು. ಪ್ರಯೋಗಾಲಯಗಳಲ್ಲಿ ತೆಳುವಾದ ಲೋಹದ ಹಾಳೆಯ ಮೂಲಕ ಹಾಯಿಸಿ ಈ ಹಿಂದುಮುಂದನ್ನು ಸರಿದೂಗಿಸುತ್ತಾರೆ. ಹಾಳೆಯ ಪರಿಣಾಮವನ್ನು ರೋಹಿತದ ಹಂತದಲ್ಲೇ ಸೇರಿಸಿ, ಏರುವ ತೋಳೊಂದನ್ನೇ ಬೇರ್ಪಡಿಸಿ, ಪಲ್ಸ್ ಆ ಮಿತಿಗೆ ಎಷ್ಟು ಹತ್ತಿರ ಬರುತ್ತದೆಂದು ನೋಡುವುದು ಮುಂದಿನ ಕೆಲಸ.