ಪನೋರಮಾ ಕೇಳಬೇಕಾದ್ದು ಟ್ರ್ಯಾಕ್ ಮೇಲೆ

ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹೊಸ ವರ್ಷ ಬಂತು ಅಂದರೆ ಬೇಗ ಮಲಗುವ ಆಸೆ ಬಿಡಬೇಕು. ಎರಡು ಬೀದಿ ಆಚೆ ಎಲ್ಲೋ ಪ್ಯಾನ್ ಬ್ಯಾಂಡಿನವರ ಅಭ್ಯಾಸ ಶುರುವಾಗುತ್ತದೆ, ಕಾರ್ನಿವಲ್ ಹೊತ್ತಿನ ಪನೋರಮಾ ಸ್ಪರ್ಧೆಗೆ. ಒಂದು ಸಾಲು. ಮತ್ತೆ ಅದೇ ಸಾಲು. ರಾತ್ರಿ ಹನ್ನೊಂದಕ್ಕೂ ಅದೇ ಸಾಲು, ಈಗ ಇನ್ನೂ ಜೋರಾಗಿ. ಕಾರ್ನಿವಲ್ ಮುಗಿಯುವ ತನಕ ಇದು ನಿಲ್ಲುವುದಿಲ್ಲ. ಯಾರೂ ಪೊಲೀಸರಿಗೆ ದೂರು ಕೊಡುವುದಿಲ್ಲ. ಕೊಟ್ಟರೂ ಬರುವ ಪೊಲೀಸ್ ಯಾವುದಾದರೂ ಬ್ಯಾಂಡಿನ ಅಭಿಮಾನಿಯೇ ಆಗಿರುತ್ತಾನೆ, ಬಿಡಿ.

ಯಜಮಾನರ ಕೆಲಸದ ಮೇಲೆ ನಾವು ಇಲ್ಲಿಗೆ ಬರುವಾಗ ನನ್ನ ಅಪ್ಪನಿಗೆ ಈ ಊರಿನ ಬಗ್ಗೆ ಗೊತ್ತಿದ್ದದ್ದು ಒಂದೇ ವಿಷಯ. 1976ರಲ್ಲಿ ಇಲ್ಲಿನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ 403 ರನ್ನಿನ ಗುರಿ ಮುಟ್ಟಿತು, ನಮ್ಮ ವಿಶ್ವನಾಥ್ 112 ಹೊಡೆದರು, ಬ್ರಿಜೇಶ್ ಪಟೇಲ್ ಕೊನೇತನಕ ಔಟಾಗದೆ ಉಳಿದರು. ಈಗಲೂ ಫೋನ್ ಮಾಡಿದಾಗ ಓವಲ್ ಬಗ್ಗೆ ಕೇಳುತ್ತಾರೆ. ನಾನು ಪ್ಯಾನ್ ಬಗ್ಗೆ ಹೇಳುತ್ತೇನೆ. ಇಬ್ಬರೂ ನಮ್ಮ ನಮ್ಮ ಪಾಡಿಗೆ ಮಾತಾಡಿಕೊಂಡು ಫೋನ್ ಇಡುತ್ತೇವೆ.

ಪ್ಯಾನ್ ಅಂದರೆ ಸ್ಟೀಲ್‌ಪ್ಯಾನ್. ಎಣ್ಣೆ ತುಂಬುವ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಟ್ಟಲಿನಂತೆ ತಗ್ಗಿಸಿ, ಅದರಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಜಾಗ ಮಾಡಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಬಡಿದು ಶ್ರುತಿ ಕೂಡಿಸುತ್ತಾರೆ. ಚಿಕ್ಕ ಟೆನರ್ ಪ್ಯಾನ್‌ಗೆ ಡ್ರಮ್ಮಿನ ತಳದ ಕಡೆಯ ಸ್ವಲ್ಪ ಭಾಗ ಸಾಕು. ಬೇಸ್‌ಗೆ ಇಡೀ ಡ್ರಮ್ಮೇ ಬೇಕು, ಅದೂ ಒಬ್ಬರ ಸುತ್ತ ಆರೋ ಒಂಬತ್ತೋ. ಬ್ರಿಟಿಷರ ಕಾಲದಲ್ಲಿ ಚರ್ಮದ ಡ್ರಮ್ ಬಾರಿಸುವುದಕ್ಕೆ ನಿರ್ಬಂಧ ಬಿತ್ತು. ಜನ ಬಿದಿರು ಕುಟ್ಟಿದರು. ಆಮೇಲೆ ಬಿಸ್ಕತ್ ಡಬ್ಬ, ಬಣ್ಣದ ಡಬ್ಬ, ಕೊನೆಗೆ ಎಣ್ಣೆ ಡ್ರಮ್. 1951ರಲ್ಲಿ ಇಲ್ಲಿನ ಹುಡುಗರ ಒಂದು ತಂಡ ಲಂಡನ್ನಿನ ಉತ್ಸವಕ್ಕೆ ಹೋಗಿ ನುಡಿಸಿ ಬಂತು. ಆದರೂ ಊರಿನ ಮರ್ಯಾದಸ್ಥರಿಗೆ ಪ್ಯಾನ್ ನುಡಿಸುವವರು ಪೋಲಿಗಳೇ.

ಇದನ್ನು ಹೇಳಿದ್ದು ನಮ್ಮ ಮನೆ ಓನರ್ ಆಂಟಿ. ಅವರ ಹಿರಿಯರು ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹಡಗಿನಲ್ಲಿ ಬಂದ ಬಿಹಾರದ ಕಡೆಯವರು. ನನ್ನನ್ನು ‘ಬೇಟಿ’ ಅಂತಲೇ ಕರೆಯುತ್ತಾರೆ, ಉಳಿದದ್ದೆಲ್ಲ ಟ್ರಿನಿಡಾಡ್ ಇಂಗ್ಲಿಷ್. ಅವರು ಹುಡುಗಿಯಾಗಿದ್ದಾಗ ಪ್ಯಾನ್‌ಯಾರ್ಡ್, ಅಂದರೆ ಬ್ಯಾಂಡ್ ಅಭ್ಯಾಸ ಮಾಡುವ ಅಂಗಳ, ಇರುವ ಬೀದಿಯಲ್ಲಿ ನಡೆದರೂ ಮನೆಯಲ್ಲಿ ಏಟು ಬೀಳುತ್ತಿತ್ತಂತೆ. ಈಗ ಅವರ ಮೊಮ್ಮಗಳು ದೊಡ್ಡ ಬ್ಯಾಂಡೊಂದರಲ್ಲಿ ಡಬಲ್ ಸೆಕೆಂಡ್ ಎಂಬ ಜೋಡಿ ಪ್ಯಾನ್ ನುಡಿಸುತ್ತಾಳೆ. ಅವಳಿಗೆ ರಾತ್ರಿ ಊಟ ಕೊಡುವ ನೆಪದಲ್ಲಿ ಆಂಟಿ ದಿನಾ ಯಾರ್ಡಿಗೆ ಹೋಗುತ್ತಾರೆ. ಅವರ ಜೊತೆ ನಾನೂ ಹೋಗತೊಡಗಿದೆ.

ಯಾರ್ಡಿನಲ್ಲಿ ಯಾರ ಮುಂದೆಯೂ ಹಾಳೆ ಇಲ್ಲ. ಹಾಡನ್ನು ಬ್ಯಾಂಡಿಗೆ ಹೊಂದಿಸಿ ಕಟ್ಟುವ ಅರೇಂಜರ್ ಒಂದು ತುಣುಕು ನುಡಿಸಿ ತೋರಿಸುತ್ತಾನೆ. ಮುಂದಿನ ಸಾಲಿನವರು ಹಿಡಿಯುತ್ತಾರೆ, ಹಿಂದಿನವರಿಗೆ ದಾಟಿಸುತ್ತಾರೆ. ಪಾಟಿ ಹಿಡಿಯದೆ, ಗುರುಗಳು ಹಾಡಿದ್ದನ್ನು ಕೇಳಿ ಕೇಳಿ ಕಲಿತ ನಮ್ಮ ಸಂಗೀತ ಪಾಠದಂತೆಯೇ. ವ್ಯತ್ಯಾಸ ಅಂದರೆ ಇಲ್ಲಿ ಶಿಷ್ಯರು ನೂರಕ್ಕೂ ಜಾಸ್ತಿ, ಸಮಯ ಕೆಲವೇ ವಾರ. ಬ್ಯಾಂಕಿನಿಂದ ಟೈ ಬಿಚ್ಚಿಕೊಂಡು ಬಂದವರು, ಶಾಲೆ ಮಕ್ಕಳು, ಪ್ಯಾನ್‌ಗಾಗಿಯೇ ಹಾರಿ ಬಂದ ಜಪಾನಿನವರು, ಎಲ್ಲರೂ ಒಂದೇ ಸಾಲಿನಲ್ಲಿ. ಎಂಟು ನಿಮಿಷದ ಒಂದು ಹಾಡಿಗೆ ಇಷ್ಟೆಲ್ಲ!

ಪನೋರಮಾ ಸ್ಪರ್ಧೆ ಶುರುವಾದದ್ದು 1963ರಲ್ಲಿ, ಟ್ರಿನಿಡಾಡ್ ಸ್ವತಂತ್ರವಾದ ಮರುವರ್ಷ. ನಡೆಯುವುದು ಕ್ವೀನ್ಸ್ ಪಾರ್ಕ್ ಸವಾನಾ ಎಂಬ ದೊಡ್ಡ ಮೈದಾನದಲ್ಲಿ. ಫೈನಲ್ ಕಾರ್ನಿವಲ್ ಶನಿವಾರ ರಾತ್ರಿ. ನಾವು ಹೋದದ್ದು ಸೆಮಿಫೈನಲ್ ಭಾನುವಾರ.

ಗೇಟಿನ ಹೊರಗೇ ಡಬಲ್ಸ್ ತಿಂದೆವು. ಬಾರಾ ಎಂಬ ಎರಡು ಮೆತ್ತನೆ ಕರಿದ ರೊಟ್ಟಿ, ನಡುವೆ ಕಡಲೆ ಪಲ್ಯ, ಮೇಲೆ ಹುಣಸೆ ಚಟ್ನಿ. ಖಾರ ಎಷ್ಟು ಅಂತ ಕೇಳಿದರೆ ‘ಸ್ಲೈಟ್’ ಅನ್ನಬೇಕು. ಆ ಸ್ಲೈಟೇ ಬ್ಯಾಡಗಿ ತಿಂದ ನಾಲಿಗೆಗೂ ಕಣ್ಣೀರು ತರಿಸುತ್ತದೆ. ನಾನು ಸ್ಟ್ಯಾಂಡಿನ ಕಡೆ ಹೊರಟೆ. ಆಂಟಿ ಕೈ ಹಿಡಿದು ಎಳೆದರು. “ಅಲ್ಲಿ ಕೂತು ಏನು ಕೇಳ್ತೀಯ ಬೇಟಿ? ಟ್ರ್ಯಾಕ್‌ಗೆ ಬಾ.”

ವೇದಿಕೆಗೆ ಹೋಗುವ ದಾರಿಗೆ ಇಲ್ಲಿ ಟ್ರ್ಯಾಕ್ ಅನ್ನುತ್ತಾರೆ. ಪ್ಯಾನ್‌ಗಳೆಲ್ಲ ಚಕ್ರವಿರುವ ಕಬ್ಬಿಣದ ಚೌಕಟ್ಟುಗಳ ಮೇಲೆ, ತಲೆಗೆ ಬಟ್ಟೆಯ ಚಾವಣಿ. ಬ್ಯಾಂಡುಗಳು ಸಾಲಾಗಿ ನಿಂತು ಇಂಚಿಂಚೇ ಮುಂದೆ ಸರಿಯುತ್ತವೆ. ಚೌಕಟ್ಟು ತಳ್ಳುವವರು ಸಂಬಳದವರಲ್ಲ, ಬ್ಯಾಂಡಿನ ಬೀದಿಯವರು. ನನಗೂ ಒಂದು ಮೂಲೆ ಸಿಕ್ಕಿತು. ನಿಂತಾಗಲೆಲ್ಲ ಅವರು ಹಾಡು ಅಭ್ಯಾಸ ಮಾಡುತ್ತಾರೆ. ಮೊದಲು ಮೆಲ್ಲಗೆ, ತಪ್ಪಿದ ಜಾಗ ಮಾತ್ರ. ಆಮೇಲೆ ಪೂರ್ತಿ. ನಾನಿದ್ದದ್ದು ಎಂಜಿನ್ ರೂಮ್ ಪಕ್ಕ, ಅಂದರೆ ತಾಳದವರ ಗುಂಪು. ಹಳೇ ಗಾಡಿಯ ಬ್ರೇಕ್ ಡ್ರಮ್ಮನ್ನು ಕಬ್ಬಿಣದ ಸಲಾಕೆಯಿಂದ ಹೊಡೆಯುತ್ತಾರೆ. ಅದೇ ‘ಐರನ್’. ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ಗೊತ್ತಾಗುತ್ತದೆ. ಎದುರಿನಿಂದ ಟೆನರ್, ಬೆನ್ನಿಗೆ ಬೇಸ್. ಮೊಮ್ಮಗಳು ಎರಡು ಪ್ಯಾನ್‌ಗಳ ನಡುವೆ ಕುಣಿಯುತ್ತಲೇ ನುಡಿಸುತ್ತಿದ್ದಳು. ಯಾರೋ ಒಬ್ಬರು ಮುದುಕರು ಕಣ್ಣು ಮುಚ್ಚಿ ಅವಳ ಪ್ಯಾನ್ ಪಕ್ಕವೇ ನಿಂತಿದ್ದರು. ಅಲ್ಲಿ ಅಂಕ ಕೊಡುವವರು ಯಾರೂ ಇಲ್ಲ ನೋಡಿ. ಅದಕ್ಕೇ ಇರಬೇಕು, ಆ ದಿನದ ಅತಿ ಒಳ್ಳೆಯ ಸಂಗೀತ ನನಗೆ ಕೇಳಿಸಿದ್ದು ಅಲ್ಲೇ.

ವೇದಿಕೆ ಹತ್ತಿದ ಮೇಲೆ ಅದೇ ಹಾಡು ಬೇರೆಯಾಯಿತು. ಎಲ್ಲರೂ ಇನ್ನೂ ವೇಗ. ಶ್ರುತಿ ಬದಲಾವಣೆ, ಮಿಂಚಿನ ಓಟ, ಇದ್ದಕ್ಕಿದ್ದಂತೆ ನಿಂತು ಮತ್ತೆ ಸಿಡಿಯುವುದು, ಕೈಚಳಕ ಎಲ್ಲಾ ಎಂಟು ನಿಮಿಷದಲ್ಲಿ ತುರುಕಬೇಕು. ರೋಮಾಂಚನ ಆಗುತ್ತದೆ, ಸುಳ್ಳು ಹೇಳಲ್ಲ. ಆದರೆ ಜಡ್ಜ್‌ಗಳಿಗೆ ಅಂತ ಕಟ್ಟಿದ ಹಾಡಿಗೆ ಉಸಿರಾಡಲು ಜಾಗ ಇರುವುದಿಲ್ಲ. ಅತ್ತ ನಾರ್ತ್ ಸ್ಟ್ಯಾಂಡಿನವರು ತಮ್ಮದೇ ಬಾಟಲಿ, ಚಮಚ, ಡ್ರಮ್ ತಂದು ಪ್ರತ್ಯೇಕ ಜಾತ್ರೆ ನಡೆಸುತ್ತಿದ್ದರು. ಗ್ರ್ಯಾಂಡ್ ಸ್ಟ್ಯಾಂಡಿನವರು ಅವರನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ನನಗೆ ನಾರ್ತ್ ಸ್ಟ್ಯಾಂಡಿನವರೇ ಇಷ್ಟವಾದರು.

ಬ್ಯಾಂಡ್ ಬದಲಾಗುವ ನಡುವೆ ತುಂಬಾ ಹೊತ್ತು ಕಾಯಬೇಕು. ಆಗ ಆಂಟಿ ಜಿತ್ ಸಮರೂ ಕಥೆ ತೆಗೆದರು. ಲೋಪಿನೋ ಎಂಬ ಬೆಟ್ಟದ ಹಳ್ಳಿಯ ಭಾರತೀಯ ಮೂಲದ ಹುಡುಗ. ಪ್ಯಾನ್ ಅಂದರೆ ಆಫ್ರಿಕಾ ಮೂಲದವರದ್ದು ಎಂದೇ ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಚಾರ್ಲೋಟ್ ಸ್ಟ್ರೀಟಿನ ರೆನೆಗೇಡ್ಸ್ ಬ್ಯಾಂಡಿಗೆ ಅರೇಂಜರ್ ಆದರು. ಬೀದಿ ಜಗಳಕ್ಕೆ ಹೆಸರಾಗಿದ್ದ ಆ ಬ್ಯಾಂಡಿಗೆ 1982ರಿಂದ 1997ರೊಳಗೆ ಒಂಬತ್ತು ಸಲ ಪನೋರಮಾ ಗೆದ್ದುಕೊಟ್ಟರು, ಕೊನೆಯ ಮೂರು ಸಾಲು ಸಾಲಾಗಿ. “ಅವತ್ತಿನ ಮೇಲೆ ನಮ್ಮಪ್ಪ ಪ್ಯಾನ್ ಬಗ್ಗೆ ಬಾಯಿ ಬಿಡಲಿಲ್ಲ” ಅಂದರು ಆಂಟಿ. “ನೀವು ಕಲೀಬಹುದಿತ್ತಲ್ಲ ಆಂಟಿ ಆಗ?” ಅಂದೆ. “ಅಷ್ಟು ಹೊತ್ತಿಗೆ ಮೂರು ಮಕ್ಕಳು, ಬೇಟಿ” ಅಂದು ಕಾರ್ನ್ ಸೂಪ್ ಕಪ್ಪು ನನ್ನ ಕೈಗೆ ಕೊಟ್ಟರು.

ಮೊಮ್ಮಗಳ ಬ್ಯಾಂಡ್ ಫೈನಲ್‌ಗೆ ಬಂತು, ಪಟ್ಟಿಯ ಕೆಳಗಿನಿಂದ. ಮಾರನೇ ದಿನ ಸಂಜೆ ಯಾರ್ಡಿಗೆ ಹೋದರೆ ಅರೇಂಜರ್ ಹಾಡಿನ ಕೊನೆಯ ಭಾಗವನ್ನೇ ಕಿತ್ತುಹಾಕಿ ಹೊಸದು ಕಲಿಸುತ್ತಿದ್ದ. ಹುಡುಗರು ಬೆರಳಿಗೆ ಟೇಪ್ ಸುತ್ತಿಕೊಂಡು ಗೊಣಗುತ್ತಲೇ ನುಡಿಸುತ್ತಿದ್ದರು. ಹೊಸ ಭಾಗ ಮೊದಲಿಗಿಂತ ಇನ್ನೂ ವೇಗ. ಆಂಟಿ ಊಟದ ಡಬ್ಬಿ ಬೆಂಚಿನ ಮೇಲೆ ಕುಕ್ಕಿದರು. “ನಿಧಾನ ಮಾಡು ಅಂತ ನಾನೇ ಹೇಳಿ ಬಂದಿದ್ದೆ ಅವನಿಗೆ. ನನ್ನ ಮಾತು ಯಾರು ಕೇಳ್ತಾರೆ?”